ಸ್ವತಂತ್ರ ಕಂಪೈಲರಿಗೆ ಪ್ಲಗಿನ್ ಸಲ್ಲುವುದೆ?

ಬಸವಕಲ್ಯಾಣವನ್ನು ನೋಡಲು ಹೋದವರು ಕೋಟೆಯನ್ನು ಸುತ್ತಿ, ಶರಣರ ನೆಲೆಗಳನ್ನು ದರ್ಶಿಸಿ ಹಿಂದಿರುಗುವುದು ವಾಡಿಕೆ. ಆ ಊರು ನಾಡಿಗೆ ಕೊಟ್ಟ ಇನ್ನೊಂದು ವಸ್ತು ಹಾಗೆ ಕಣ್ಣಿಗೆ ಕಾಣತಕ್ಕದ್ದಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಹೆಸರಿನಲ್ಲಿ ಅಕ್ಷರಗಳು ಮಿತವಾದರೂ ಅದರ ಪ್ರಭಾವ ಮಿತವಾದುದಲ್ಲ. ಬಂಗಾಳವೇ ಮೊದಲಾದ ಕೆಲವು ಭಾಗಗಳನ್ನು ಬಿಟ್ಟರೆ, ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿವ್ಯವಹಾರವು ಶತಮಾನಗಳ ಕಾಲ ಈ ಗ್ರಂಥವನ್ನೇ ಅನುಸರಿಸಿ ನಡೆಯಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಕ್ಕು ಯಾವಾಗ ಹುಟ್ಟುತ್ತದೆ? ತಂದೆಯು ಕಾಲವಾದ ಮೇಲೆ, ಎಂದನು ಬಂಗಾಳದ ಜೀಮೂತವಾಹನ. ಮಗನು ಹುಟ್ಟಿದ ಕ್ಷಣದಲ್ಲಿಯೇ, ಎಂದನು ಕಲ್ಯಾಣದ ವಿಜ್ಞಾನೇಶ್ವರ. (ಆಗಿನ ಮಾತು ಮಗನಿಗೆ ಮಾತ್ರ ಸೀಮಿತವಾಗಿತ್ತು, 2005ರ ತಿದ್ದುಪಡಿಯಿಂದ ಮಗಳಿಗೂ ಜನ್ಮದಿಂದಲೇ ಹಕ್ಕು ದೊರೆತಿದೆ.) ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಒಟ್ಟು ಕುಟುಂಬದ ಒಬ್ಬನು ತಾನಾಗಿ ಏನನ್ನಾದರೂ ಸಂಪಾದಿಸಿದರೆ ಅದು ಅವನದೋ, ಮನೆಯದೋ? ಮನೆಯ ದ್ರವ್ಯಕ್ಕೆ ಧಕ್ಕೆಯಾಗದಂತೆ ಗಳಿಸಿದ್ದು ಅವನದು; ಮನೆಯ ದ್ರವ್ಯವನ್ನು ತೊಡಗಿಸಿ ಗಳಿಸಿದ್ದು ಎಲ್ಲರದು. ಸೂತ್ರವೇನೋ ಸರಳ. ಆದರೆ ಯಾವುದು ಮನೆಯ ದ್ರವ್ಯದಿಂದ ಬಂತು, ಯಾವುದು ಬರಲಿಲ್ಲ ಎಂದು ತೀರ್ಮಾನಿಸುವುದರಲ್ಲಿಯೇ ಎಷ್ಟೋ ವ್ಯಾಜ್ಯಗಳು ಸವೆದುಹೋದವು.

ಗಣಕ ವಿಜ್ಞಾನದ ಪಾಠಕ್ಕೆ ಈ ಪೀಠಿಕೆಯೇಕೆ ಎಂದು ವಾಚಕರು ಕೇಳಬಹುದು. ಪ್ರಪಂಚದ ಅತ್ಯಂತ ಪ್ರಸಿದ್ಧ ಸ್ವತಂತ್ರ ಕಂಪೈಲರಾದ ಜಿ.ಸಿ.ಸಿ.ಯನ್ನು ಕಟ್ಟಿದವರ ನಡುವೆ ವರ್ಷಗಟ್ಟಲೆ ನಡೆದ ಒಂದು ಚರ್ಚೆ, ತಿರುಳಿನಲ್ಲಿ ನೋಡಿದರೆ, ಕಲ್ಯಾಣದ ಪಂಡಿತನ ಈ ಎರಡು ಪ್ರಶ್ನೆಗಳೇ ಆಗಿದ್ದವು. ಹೊರಗಿನಿಂದ ಬಂದು ಕಂಪೈಲರಿಗೆ ಅಂಟಿಕೊಳ್ಳುವ ಪ್ಲಗಿನ್ ಎಂಬ ತುಂಡು ಮನೆಯಲ್ಲಿ ಹುಟ್ಟಿದ್ದೋ, ಹೊರಗಿನದೋ? ಅದನ್ನು ವಿವೇಚಿಸುವ ಮೊದಲು ಕಂಪೈಲರಿನ ಒಳಗನ್ನು ಸ್ವಲ್ಪ ನೋಡಬೇಕು.

ಕೂಡುರಸ್ತೆಯ ಉಪಾಯ

ಕಂಪೈಲರ್ ಎಂದರೆ ಭಾಷಾಂತರಕಾರ. ಮನುಷ್ಯನು ಬರೆದು ಓದಬಲ್ಲ ಭಾಷೆಯಲ್ಲಿರುವ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಗಣಕದ ಸಂಸ್ಕಾರಕವು ನಡೆಸಬಲ್ಲ ಆದೇಶಗಳನ್ನಾಗಿ ಅದು ಮಾರ್ಪಡಿಸುತ್ತದೆ. ನಮ್ಮ ಕಡೆಯ ಹೊಲದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಎಕರೆಗೆ 40 ಗುಂಟೆ. ಆದುದರಿಂದ ಒಂದು ಹೊಲದ ಒಟ್ಟು ಗುಂಟೆಗಳನ್ನು ತಿಳಿಯಲು ‘ಮೊತ್ತ = ಎಕರೆ × 40 + ಗುಂಟೆ’ ಎಂದು ಬರೆಯುತ್ತೇವೆ. ಕಂಪೈಲರ್ ಮೊದಲು ಈ ಸಾಲಿನ ವ್ಯಾಕರಣವನ್ನು ಬಿಡಿಸಿ ಅದನ್ನು ಒಂದು ವೃಕ್ಷವನ್ನಾಗಿ ಮಾಡುತ್ತದೆ: ತುದಿಯಲ್ಲಿ ಸಂಕಲನ, ಅದರ ಒಂದು ಕೊಂಬೆಯಲ್ಲಿ ಗುಣಾಕಾರ, ಇನ್ನೊಂದರಲ್ಲಿ ಗುಂಟೆ. ಅನಂತರ ಆ ವೃಕ್ಷವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸುತ್ತದೆ. ‘ತಾತ್ಕಾಲಿಕ = ಎಕರೆ × 40’ ಎಂಬುದು ಒಂದು ಹೆಜ್ಜೆ; ‘ಮೊತ್ತ = ತಾತ್ಕಾಲಿಕ + ಗುಂಟೆ’ ಎಂಬುದು ಇನ್ನೊಂದು. ಒಂದು ಹೆಜ್ಜೆಯಲ್ಲಿ ಒಂದೇ ಕ್ರಿಯೆ ಎಂಬುದು ನಿಯಮ. ಜಿ.ಸಿ.ಸಿ.ಯಲ್ಲಿ ಈ ರೂಪಕ್ಕೆ ‘ಗಿಂಪಲ್’ ಎಂದು ಹೆಸರು. 2005ರಲ್ಲಿ ಬಂದ 4.0 ಆವೃತ್ತಿಯಿಂದ ಅದು ಬಳಕೆಯಲ್ಲಿದೆ.

ಹೀಗೆ ಕತ್ತರಿಸಿದ ಮೇಲೆ ತಿದ್ದುವ ಕೆಲಸ. ನಲವತ್ತರಿಂದ ಗುಣಿಸುವ ಬದಲು, ಐದರಿಂದ ಗುಣಿಸಿ ದ್ವಿಮಾನ ಅಂಕಿಗಳನ್ನು ಮೂರು ಸ್ಥಾನ ಎಡಕ್ಕೆ ಸರಿಸಿದರೂ ಉತ್ತರ ಅದೇ. ಏಕೆಂದರೆ ಮೂರು ಸ್ಥಾನದ ಸರಿಕೆಯು ಎಂಟರಿಂದ ಗುಣಿಸಿದಂತೆ. ಕೆಲವು ಸಂಸ್ಕಾರಕಗಳಲ್ಲಿ ಇದು ನೇರ ಗುಣಾಕಾರಕ್ಕಿಂತ ಬೇಗ ಆಗುತ್ತದೆ. ಇಂಥ ಸುಧಾರಣೆಗಳನ್ನು ಒಂದರ ಹಿಂದೆ ಒಂದರಂತೆ ನೂರಾರು ಸುತ್ತುಗಳಲ್ಲಿ ನಡೆಸಿ, ಯಂತ್ರಕ್ಕೆ ಸಮೀಪವಾದ ಇನ್ನೊಂದು ರೂಪಕ್ಕೆ ಇಳಿಸಿ, ಕಡೆಗೆ ಯಂತ್ರಾದೇಶಗಳನ್ನು ಬರೆಯಲಾಗುತ್ತದೆ.

ನಡುವೆ ಬರುವ ಈ ಮಧ್ಯರೂಪದ ಅಗತ್ಯವೇನು? ಐದು ಭಾಷೆಗಳನ್ನು ಹತ್ತು ಬಗೆಯ ಸಂಸ್ಕಾರಕಗಳಿಗೆ ನೇರವಾಗಿ ಭಾಷಾಂತರಿಸಬೇಕಾದರೆ ಐವತ್ತು ಭಾಷಾಂತರಕಾರರು ಬೇಕು. ಎಲ್ಲ ಭಾಷೆಗಳೂ ಒಂದೇ ಮಧ್ಯರೂಪಕ್ಕೆ ಬಂದು, ಅಲ್ಲಿಂದ ಎಲ್ಲ ಯಂತ್ರಗಳಿಗೂ ಹೊರಟರೆ ಹದಿನೈದು ಭಾಗಗಳು ಸಾಕು. ಬಸವಕಲ್ಯಾಣದಿಂದ ಮೂವತ್ತು ಕಿಲೊಮೀಟರಿನಷ್ಟು ಪೂರ್ವಕ್ಕೆ ಇರುವ ಹುಮನಾಬಾದನ್ನು ನೆನೆಯಿರಿ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಗೆ ಇಳಿಯುವ ಹೆದ್ದಾರಿಯೂ ಅಲ್ಲಿ ಕೂಡುತ್ತವೆ. ಪ್ರತಿ ಊರಿನಿಂದ ಪ್ರತಿ ಊರಿಗೂ ಬೇರೆ ಬೇರೆ ರಸ್ತೆ ಹಾಕಿದವರಿಲ್ಲ. ಹುಮನಾಬಾದಿಗೆ ಬಂದು ಬೇಕಾದ ಕಡೆಗೆ ತಿರುಗಿಕೊಳ್ಳುತ್ತಾರೆ. ಕಂಪೈಲರಿನಲ್ಲಿ ಮಧ್ಯರೂಪವೆಂಬುದು ಅಂಥ ಕೂಡುರಸ್ತೆ. ಅಲ್ಲಿ ನಿಂತವನಿಗೆ ಬರುವುದೆಲ್ಲವೂ ಕಾಣುತ್ತದೆ. ಅಲ್ಲಿಗೆ ಒಂದು ಹೊಸ ರಸ್ತೆಯನ್ನು ಸೇರಿಸಿದರೆ ಮಿಕ್ಕ ಎಲ್ಲ ರಸ್ತೆಗಳ ಪ್ರಯೋಜನವೂ ಅವನಿಗೆ ದೊರೆಯುತ್ತದೆ. ಆಮೇಲಿನ ಜಗಳಕ್ಕೆಲ್ಲ ಇದೇ ಕಾರಣವಾಯಿತು.

ಜನ್ಮಸ್ವತ್ವ

ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕದ ತಂತ್ರಜ್ಞರು 1983ರ ಸೆಪ್ಟೆಂಬರಿನಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ಯಾರಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳಿಂದಲೇ ಒಂದು ಗಣಕವ್ಯವಸ್ಥೆಯನ್ನು ಪೂರ್ಣವಾಗಿ ಕಟ್ಟಬೇಕೆಂಬುದು ಅವರ ಉದ್ದೇಶ. ಕಟ್ಟಡಕ್ಕೆ ಉಪಕರಣ ಮೊದಲು ಬೇಕಷ್ಟೆ, 1987ರಲ್ಲಿ ಜಿ.ಸಿ.ಸಿ. ಹೊರಬಂದಿತು.

1989ರಲ್ಲಿ ಮೊದಲ ರೂಪ ಪಡೆದ ಗ್ನೂ ಸಾರ್ವಜನಿಕ ಪರವಾನಗಿ, ಅಂದರೆ ಜಿ.ಪಿ.ಎಲ್., ಈ ತಂತ್ರಾಂಶವನ್ನು ಕಾಯುವ ಕಾನೂನು. ಇದನ್ನು ಯಾರು ಬೇಕಾದರೂ ಪಡೆಯಬಹುದು, ಮಾರ್ಪಡಿಸಬಹುದು, ಮಾರಲೂಬಹುದು. ಆದರೆ ಮಾರ್ಪಡಿಸಿದ್ದನ್ನು ಇತರರಿಗೆ ಕೊಡುವಾಗ ಅದರ ಮೂಲಬರಹವನ್ನೂ ಅದೇ ಪರವಾನಗಿಯಲ್ಲಿ ಕೊಡತಕ್ಕದ್ದು. ತಾಯಿಕೃತಿಯಿಂದ ಹುಟ್ಟಿದ ಜನ್ಯಕೃತಿಗೆ ಸ್ವಾತಂತ್ರ್ಯವು ಹುಟ್ಟಿನಿಂದಲೇ ಬರುತ್ತದೆ. ನಡುವೆ ನಿಂತ ಯಾರೂ ಅದನ್ನು ತಡೆಯುವಂತಿಲ್ಲ. ಮಿತಾಕ್ಷರಾ ಗ್ರಂಥದಲ್ಲಿ ಇಂಥ ಹಕ್ಕಿಗೆ ‘ಅಪ್ರತಿಬಂಧ ದಾಯ’ ಎಂದು ಹೆಸರು. ಹೋಲಿಕೆಯನ್ನು ಎಳೆದಾಡಬಾರದು, ನಿಜ. ಹೊಲವನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆ. ಕ್ರಮವಿಧಿಯನ್ನು ನಾಲ್ಕು ಕೋಟಿ ಜನ ಹಂಚಿಕೊಂಡರೂ ಅದು ಸವೆಯುವುದಿಲ್ಲ. ಆದರೆ ಹಕ್ಕಿನ ಉಗಮದ ವಿಷಯದಲ್ಲಿ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಇದು ಬರಿಯ ತತ್ತ್ವವಾಗಿ ಉಳಿಯಲಿಲ್ಲ. ಸಿ ಪ್ಲಸ್ ಪ್ಲಸ್ ಭಾಷೆಗೆ ಸ್ವತಂತ್ರ ಕಂಪೈಲರ್ ದೊರೆತ ಬಗೆಯನ್ನು ನೋಡಿರಿ. ಎಂ.ಸಿ.ಸಿ. ಎಂಬ ಉದ್ಯಮಗಳ ಒಕ್ಕೂಟವೊಂದು ಜಿ.ಸಿ.ಸಿ.ಯ ಮೇಲೆ ಅದನ್ನು ಕಟ್ಟಿತು. ತಾಯಿಯ ಪರವಾನಗಿಯೇ ಮಗುವಿಗೂ ಅಂಟಿದ್ದರಿಂದ ಅದು ಎಲ್ಲರದಾಯಿತು. ಆಬ್ಜೆಕ್ಟಿವ್ ಸಿ ಭಾಷೆಯ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯು ಆ ಭಾಷೆಯನ್ನು ಓದುವ ಮುಂಭಾಗವನ್ನು ಬರೆಯಿತು, ಹಿಂಭಾಗ ಜಿ.ಸಿ.ಸಿ.ಯದೇ. ತನ್ನ ಭಾಗದ ಮೂಲಬರಹವನ್ನು ಕೊಡದೆ, ಆಗಲೇ ಯಂತ್ರಭಾಷೆಗೆ ಇಳಿಸಿದ ತುಂಡುಗಳನ್ನು ಮಾತ್ರ ಹಂಚಿ, ‘ಜಿ.ಸಿ.ಸಿ.ಯೊಡನೆ ಬೆಸೆದುಕೊಳ್ಳುವ ಕೆಲಸವನ್ನು ಬಳಕೆದಾರರೇ ಮಾಡಿಕೊಳ್ಳಲಿ’ ಎಂಬ ಉಪಾಯವನ್ನು ಕಂಪನಿ ಮುಂದಿಟ್ಟಿತು. ಕೂಸನ್ನು ಬೇರೆ ಮನೆಯಲ್ಲಿ ಹೆತ್ತು ತಂದು, ಇದು ಈ ವಂಶದ್ದಲ್ಲ ಎಂದು ಸಾಧಿಸಿದಂತೆ! ಸ್ಟಾಲ್‌ಮನ್ನರ ಪಕ್ಷದ ವಕೀಲರು ಒಪ್ಪಲಿಲ್ಲ. ಬೆಸುಗೆಯನ್ನು ಯಾರ ಕೈಯಿಂದ ಮಾಡಿಸಿದರೂ ಅದು ಒಂದೇ ಕೃತಿ ಎಂದರು. ನೆಕ್ಸ್ಟ್ ಕಂಪನಿ ತನ್ನ ಮುಂಭಾಗವನ್ನು ಸ್ವತಂತ್ರ ತಂತ್ರಾಂಶವಾಗಿ ಬಿಡುಗಡೆ ಮಾಡಬೇಕಾಯಿತು.

ಈ ಅನುಭವವನ್ನು ಸ್ಟಾಲ್‌ಮನ್ ಮರೆಯಲಿಲ್ಲ. ಪ್ಲಗಿನ್ನಿನ ಮಾತು ಬಂದಾಗಲೆಲ್ಲ ಅವರ ಕಣ್ಣ ಮುಂದೆ ಇದ್ದುದು ಇದೇ.

ಬಾಗಿಲು ತೆರೆಯಬೇಕೆಂದವರು

ಪ್ಲಗಿನ್ ಎಂದರೆ ಪ್ರತ್ಯೇಕವಾಗಿ ಕಟ್ಟಿದ ಒಂದು ತುಂಡು; ಕಂಪೈಲರ್ ನಡೆಯುತ್ತಿರುವಾಗಲೇ ಅದು ಬಂದು ಸೇರಿಕೊಳ್ಳುತ್ತದೆ. ಹುಮನಾಬಾದಿನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಹೊಲದ ಲೆಕ್ಕದ ಕ್ರಮವಿಧಿಗಳನ್ನು ಪರೀಕ್ಷಿಸಬೇಕೆಂದುಕೊಂಡಳು ಎಂದು ಭಾವಿಸೋಣ. ಎಕರೆಯನ್ನು ನಲವತ್ತರಿಂದ ಗುಣಿಸದೆ ನೇರವಾಗಿ ಗುಂಟೆಗೆ ಕೂಡಿಬಿಡುವುದು ಸುಲಭವಾಗಿ ಆಗುವ ತಪ್ಪು. ಕಂಪೈಲರಿಗೆ ಎರಡೂ ಬರಿಯ ಸಂಖ್ಯೆಗಳಾದುದರಿಂದ ಅದು ಏನೂ ಹೇಳುವುದಿಲ್ಲ. ಪ್ರತಿಯೊಂದು ಸಂಕಲನದ ಹೆಜ್ಜೆಯಲ್ಲಿಯೂ ಇಣಿಕಿ ನೋಡಿ, ಒಂದು ಕಡೆ ಎಕರೆ, ಇನ್ನೊಂದು ಕಡೆ ಗುಂಟೆ ಇದ್ದರೆ ಎಚ್ಚರಿಸುವ ಸಾಧನ ಅವಳಿಗೆ ಬೇಕು. ಪ್ಲಗಿನ್ ಇದ್ದರೆ ಒಂದು ಪುಟ್ಟ ಕಡತದಲ್ಲಿ ಇದು ಮುಗಿಯುತ್ತದೆ. ಇಲ್ಲದಿದ್ದರೆ ದಶಲಕ್ಷಗಟ್ಟಲೆ ಸಾಲುಗಳ ಜಿ.ಸಿ.ಸಿ.ಯ ಮೂಲಬರಹವನ್ನು ತರಿಸಿ, ಅದರ ಹೊಟ್ಟೆಯೊಳಗೆ ತನ್ನ ಸಾಲುಗಳನ್ನು ಹೊಲಿದು, ಇಡೀ ಕಂಪೈಲರನ್ನು ಮತ್ತೆ ಕಟ್ಟಬೇಕು. ಬಳಸುವವರಿಗೂ ಅದನ್ನೇ ಇಡಿಯಾಗಿ ಕೊಡಬೇಕು. ನಮ್ಮ ವಿದ್ಯಾರ್ಥಿನಿ ಆ ಆಸೆಯನ್ನು ಅಂದೇ ಬಿಡುತ್ತಾಳೆ.

ಇಂಥ ಕಷ್ಟ ಕಲ್ಪಿತವಾದುದಲ್ಲ. ಫೈರ್‌ಫಾಕ್ಸ್ ಎಂಬ ಜಾಲದರ್ಶಕವನ್ನು ಕಟ್ಟುವ ಮೊಜಿಲ್ಲಾ ಸಂಸ್ಥೆಯವರು ತಮ್ಮ ವಿಸ್ತಾರವಾದ ಮೂಲಬರಹದಲ್ಲಿ ತಪ್ಪು ಹುಡುಕಲು ಡಿಹೈಡ್ರಾ ಎಂಬ ಸಾಧನವನ್ನು ಮಾಡಿದರು. ಜಿ.ಸಿ.ಸಿ.ಯಲ್ಲಿ ಪ್ಲಗಿನ್ನಿಗೆ ಅಧಿಕೃತವಾದ ಎಡೆಯಿಲ್ಲದ್ದರಿಂದ ಅದಕ್ಕಾಗಿ ಜಿ.ಸಿ.ಸಿ.ಯನ್ನೇ ತಿದ್ದಿಕೊಳ್ಳಬೇಕಾಯಿತು. ಜಿ.ಸಿ.ಸಿ.ಯ ಕೆಲಸಗಾರರಲ್ಲಿ ಅನೇಕರು, ಬಾಗಿಲು ತೆರೆಯದಿದ್ದರೆ ಸಂಶೋಧಕರೂ ವಿದ್ಯಾರ್ಥಿಗಳೂ ಬೇರೆ ಕಡೆಗೆ ಹೋಗುತ್ತಾರೆ ಎಂದು ವಾದಿಸಿದರು. ಹೋಗಲು ಬೇರೆ ಕಡೆಯೊಂದು ಆಗಲೇ ಸಿದ್ಧವಾಗಿತ್ತು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ವಿಕ್ರಮ್ ಆಡ್ವೆ ಅವರ ಮಾರ್ಗದರ್ಶನದಲ್ಲಿ ಕ್ರಿಸ್ ಲ್ಯಾಟ್ನರ್ 2000ದಲ್ಲಿ ಆರಂಭಿಸಿದ ಎಲ್.ಎಲ್.ವಿ.ಎಂ. ಎಂಬ ಕಂಪೈಲರ್ ಚೌಕಟ್ಟು, ಬೇಕಾದ ತುಂಡನ್ನು ಬೇಕಾದಲ್ಲಿ ಜೋಡಿಸುವಂತೆ ಬುಡದಿಂದಲೇ ರೂಪುಗೊಂಡಿತ್ತು. ಅದರ ಪರವಾನಗಿಯೂ ಸಡಿಲ: ತಿದ್ದಿದವನು ತನ್ನ ತಿದ್ದುಪಡಿಯನ್ನು ಮುಚ್ಚಿಟ್ಟುಕೊಂಡರೂ ಆಕ್ಷೇಪವಿಲ್ಲ. ಅದನ್ನು ಜಿ.ಸಿ.ಸಿ.ಯೊಳಗೆ ಸೇರಿಸಿಕೊಳ್ಳಬಹುದೆಂದು ಲ್ಯಾಟ್ನರ್ 2005ರಲ್ಲಿ ಸೂಚಿಸಿದ್ದರು; ಅದು ಕೈಗೂಡಲಿಲ್ಲ. ಅದೇ ವರ್ಷ ಅವರು ಆಪಲ್ ಕಂಪನಿಯನ್ನು ಸೇರಿದರು. 2007ರಲ್ಲಿ ಎಲ್.ಎಲ್.ವಿ.ಎಂ.ಗೆ ಕ್ಲ್ಯಾಂಗ್ ಎಂಬ ಮುಂಭಾಗ ಬಂದಿತು.

ಸ್ಟಾಲ್‌ಮನ್ನರ ಉತ್ತರ ನೆಕ್ಸ್ಟ್ ಪ್ರಸಂಗದಿಂದ ಹುಟ್ಟಿದುದು. ಕೂಡುರಸ್ತೆಯಲ್ಲಿ ಯಾರು ಬೇಕಾದರೂ ಬಂದು ಸೇರಬಹುದೆಂದರೆ, ಹೊಸ ಸಂಸ್ಕಾರಕಕ್ಕೆ ಬೇಕಾದ ಹಿಂಭಾಗವನ್ನೋ, ಒಳ್ಳೆಯ ಸುಧಾರಣೆಯ ಸುತ್ತನ್ನೋ ಕಂಪನಿಗಳು ಮುಚ್ಚಿದ ತುಂಡಾಗಿ ಮಾಡಿ ಮಾರುವವು. ಜಿ.ಸಿ.ಸಿ. ಎಂಬುದು ಬರಿಯ ಅಡಿಗಲ್ಲಾಗಿ, ಮೇಲಿನ ಮಾಳಿಗೆಗಳೆಲ್ಲ ಪರರ ಪಾಲಾಗುವವು. ತುಂಡು ಬೇರೆ, ಜೋಡಣೆ ಬಳಕೆದಾರನದು ಎಂಬ ವಾದ ಮತ್ತೆ ಬರುವುದು. ಆಗ ನ್ಯಾಯಾಲಯವು ಏನೆನ್ನುವುದೋ ಹೇಳುವವರಾರು? ತಾಂತ್ರಿಕವಾದ ಬಾಗಿಲೇ ಇಲ್ಲದಿದ್ದರೆ ಈ ಪ್ರಶ್ನೆಯೇ ಏಳದು. ಈ ಕಾರಣದಿಂದಲೇ ಮಧ್ಯರೂಪವನ್ನು ಕಡತವಾಗಿ ಹೊರಗೆ ಬರೆದುಕೊಡುವುದಕ್ಕೂ ಅವರು ಬಹುಕಾಲ ಸಮ್ಮತಿಸಲಿಲ್ಲ.

ಈ ಭಯವನ್ನು ಹಠವೆಂದು ತಳ್ಳಿಹಾಕುವವರೊಡನೆ ನಾವು ಒಪ್ಪಲಾರೆವು. ಎರಡು ಭಾಷೆಗಳ ಕಂಪೈಲರುಗಳು ಸಾರ್ವಜನಿಕರಿಗೆ ದೊರೆತದ್ದು ಆ ಗೋಡೆಯಿಂದಲೇ ಎಂಬುದಕ್ಕೆ ಸಾಕ್ಷಿಯಿದೆ. ಆದರೆ ಗೋಡೆಗೆ ಬೆಲೆಯೂ ಇತ್ತು. ಗೋಡೆಯು ಹೊರಗೆ ನಿಲ್ಲಿಸಿದ್ದು ಮುಚ್ಚಿದ ತುಂಡು ಮಾರುವವರನ್ನು ಮಾತ್ರವೇ ಅಲ್ಲ; ತಮ್ಮ ಬರಹವನ್ನು ತೆರೆದಿಡಲು ಸಿದ್ಧರಿದ್ದ ಸಾವಿರಾರು ಕುತೂಹಲಿಗಳನ್ನೂ ನಿಲ್ಲಿಸಿತು. ಅವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಬೀಗದ ಕೈ

ಪರಿಹಾರವು ಯಾರೂ ಗಮನಿಸದ ಮೂಲೆಯಿಂದ ಬಂದಿತು. ಜಿ.ಸಿ.ಸಿ.ಯಿಂದ ಭಾಷಾಂತರಗೊಂಡ ಕ್ರಮವಿಧಿಯಲ್ಲಿ ನಾವು ಬರೆದದ್ದು ಮಾತ್ರ ಇರುವುದಿಲ್ಲ. 32 ಬಿಟ್ ಸಂಸ್ಕಾರಕದಲ್ಲಿ 64 ಬಿಟ್ಟಿನ ದೊಡ್ಡ ಸಂಖ್ಯೆಯನ್ನು ಭಾಗಿಸಬೇಕಾದರೆ, ಸಾಮಾನ್ಯವಾಗಿ ಅದಕ್ಕೆ ಒಂದೇ ಆದೇಶವಿರುವುದಿಲ್ಲ. ಕಂಪೈಲರ್ ತನ್ನ ಲಿಬ್‌ಜಿಸಿಸಿ ಎಂಬ ಭಂಡಾರದಿಂದ ಸಿದ್ಧವಾದ ಭಾಗಾಕಾರ ವಿಧಾನವನ್ನು ತೆಗೆದು ನಮ್ಮ ಕ್ರಮವಿಧಿಗೆ ಸೇರಿಸುತ್ತದೆ. ಎಂದರೆ ಮನೆಯ ದ್ರವ್ಯ ಸ್ವಲ್ಪ ಪ್ರತಿಯೊಂದು ಫಲದಲ್ಲಿಯೂ ಬೆರೆತಿರುತ್ತದೆ! ಜಿ.ಪಿ.ಎಲ್. ಅಕ್ಷರಶಃ ಅನ್ವಯಿಸಿದರೆ, ಜಿ.ಸಿ.ಸಿ.ಯಿಂದ ಕಟ್ಟಿದ ಎಲ್ಲವೂ ಜಿ.ಪಿ.ಎಲ್. ಆಗಬೇಕು. ಅದು ಅನ್ಯಾಯವೆಂದು ಮೊದಲಿನಿಂದಲೇ ಒಂದು ವಿನಾಯಿತಿ ಇತ್ತು.

ಮಿತಾಕ್ಷರಾ ಪದ್ಧತಿಯಲ್ಲಿಯೂ ಇದೇ ತೊಡಕು ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಒಟ್ಟು ಕುಟುಂಬದ ಹಣದಿಂದ ಓದಿ ವಕೀಲನೋ ಇಂಜಿನಿಯರನೋ ಆದವನ ಸಂಪಾದನೆ ಯಾರದು? ಆ ಹಣ ಅವನ ವಿದ್ಯೆಯಲ್ಲಿ ಬೆರೆತಿದೆಯಲ್ಲ! ಈ ‘ವಿದ್ಯಾಧನ’ದ ವ್ಯಾಜ್ಯಗಳು ಎಷ್ಟು ಬೆಳೆದವೆಂದರೆ 1930ರಲ್ಲಿ ಅದಕ್ಕೆಂದೇ ಒಂದು ಕಾಯಿದೆಯನ್ನು ಮಾಡಿ, ಓದಿಸಿದವರು ಯಾರೇ ಆಗಲಿ, ವಿದ್ಯೆಯಿಂದ ಗಳಿಸಿದ್ದು ಗಳಿಸಿದವನದೇ ಎಂದು ಸಾರಬೇಕಾಯಿತು. ಜಿ.ಸಿ.ಸಿ.ಯ ವಿನಾಯಿತಿಯೂ ಅಂಥದೇ: ಕಂಪೈಲರಿನ ಭಂಡಾರ ಬೆರೆತಿದ್ದರೂ ನಿಮ್ಮ ಕ್ರಮವಿಧಿ ನಿಮ್ಮದೇ.

2009ರ ಮಾರ್ಚ್ 31ರ ದಿನಾಂಕವುಳ್ಳ ವಿನಾಯಿತಿಯ ಹೊಸ ಪಾಠದಲ್ಲಿ, ಎಂದರೆ 3.1ನೆಯ ಆವೃತ್ತಿಯಲ್ಲಿ, ಒಂದು ಷರತ್ತನ್ನು ಸೇರಿಸಲಾಯಿತು. ಭಾಷಾಂತರವು ಜಿ.ಸಿ.ಸಿ.ಯಿಂದ ನಡೆದಿದ್ದರೆ, ಅದರಲ್ಲಿ ಜಿ.ಸಿ.ಸಿ.ಯೂ ಜಿ.ಪಿ.ಎಲ್.ಗೆ ಹೊಂದುವ ತಂತ್ರಾಂಶಗಳೂ ಮಾತ್ರ ಪಾಲ್ಗೊಂಡಿರಬೇಕು, ಇಲ್ಲವೇ ಜಿ.ಸಿ.ಸಿ.ಯನ್ನು ಬಳಸದೆಯೇ ಭಾಷಾಂತರ ನಡೆದಿರಬೇಕು. ಮುಚ್ಚಿದ ಪ್ಲಗಿನ್ ನಡುವೆ ಕೈಯಾಡಿಸಿದ್ದರೆ ವಿನಾಯಿತಿ ಇಲ್ಲ. ಭಂಡಾರ ಬೆರೆತ ಫಲವನ್ನು ಹಂಚುವಾಗ ಅದು ಜಿ.ಪಿ.ಎಲ್. ಆಗಲೇಬೇಕು.

ಇದರ ಚಾತುರ್ಯವನ್ನು ಗಮನಿಸಿರಿ. ಪ್ಲಗಿನ್ ಜನ್ಯಕೃತಿಯೋ ಅಲ್ಲವೋ ಎಂಬ ಹಳೆಯ ತರ್ಕವನ್ನು ನ್ಯಾಯಾಲಯದಲ್ಲಿ ಬಿಡಿಸುತ್ತ ಕೂರುವ ಗೋಜನ್ನೇ ಇದು ಬಹುಮಟ್ಟಿಗೆ ತಪ್ಪಿಸಿತು. ಮುಚ್ಚಿದ ಪ್ಲಗಿನ್ ಮಾಡುವವನನ್ನು ಇದು ಹಿಡಿಯುವುದಿಲ್ಲ. ಅದನ್ನು ಕೊಂಡು ಬಳಸುವ ಗಿರಾಕಿಯ ಫಲಕ್ಕೆ ಸಂಚಕಾರ ತರುತ್ತದೆ. ತನ್ನ ಸರಕನ್ನು ಮುಚ್ಚಿ ಮಾರಬೇಕೆನ್ನುವ ಗಿರಾಕಿ ಅಂಥ ಪ್ಲಗಿನ್ನನ್ನು ಮುಟ್ಟಲಾರ; ಗಿರಾಕಿಯಿಲ್ಲದ ಮೇಲೆ ಅಂಗಡಿಯೇಕೆ? ಗೋಡೆ ಮಾಡುತ್ತಿದ್ದ ಕೆಲಸವನ್ನು ಬೀಗ ಮಾಡಿತು. ತೆರೆದ ಮನಸ್ಸಿನವರಿಗೆ ಬಾಗಿಲು ಸಿಕ್ಕಿತು. 2010ರ ಏಪ್ರಿಲಿನಲ್ಲಿ ಬಂದ 4.5 ಆವೃತ್ತಿಯಲ್ಲಿ ಪ್ಲಗಿನ್ನಿಗೆ ಅಧಿಕೃತ ಸ್ಥಾನ ದೊರೆಯಿತು.

ತಡವಾಯಿತೆಂದು ನಮ್ಮ ಅಭಿಪ್ರಾಯ. ಅಷ್ಟರಲ್ಲಿ ಕ್ಲ್ಯಾಂಗ್ ಬೆಳೆದುಬಿಟ್ಟಿತ್ತು. ಆಪಲ್ ತನ್ನ ಉಪಕರಣಗಳನ್ನು ಅದರ ಕಡೆಗೆ ತಿರುಗಿಸಿತು. 2014ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ 10 ವ್ಯವಸ್ಥೆಯೂ ಪ್ರಮುಖ ಯಂತ್ರಗಳಲ್ಲಿ ಅದನ್ನೇ ಆರಿಸಿಕೊಂಡಿತು. ಅದೇ ತಿಂಗಳು ಸ್ಟಾಲ್‌ಮನ್ ಎಲ್.ಎಲ್.ವಿ.ಎಂ. ಸ್ವತಂತ್ರ ತಂತ್ರಾಂಶದ ಬಳಗಕ್ಕೆ ದೊಡ್ಡ ಹಿನ್ನಡೆಯೆಂದು ಬರೆದರು. ಪ್ಲಗಿನ್ ಮೊದಲೇ ಬಂದಿದ್ದರೆ ಇದೆಲ್ಲ ತಪ್ಪುತ್ತಿತ್ತೆಂದು ಹೇಳಲಾಗದು; ಪರವಾನಗಿಯ ವಿಷಯದಲ್ಲಿಯೇ ಕಂಪನಿಗಳಿಗೆ ಅಸಮಾಧಾನವಿತ್ತು. ಆದರೆ ವಿದ್ಯಾಲಯಗಳನ್ನಾದರೂ ಉಳಿಸಿಕೊಳ್ಳಬಹುದಾಗಿತ್ತು.

ತೆರೆದ ಬಾಗಿಲಿನಿಂದ ಬಂದ ಪ್ರಯೋಜನವೂ ಉಂಟು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ 2016ರ 4.8 ಆವೃತ್ತಿಯಿಂದ ಜಿ.ಸಿ.ಸಿ. ಪ್ಲಗಿನ್ನುಗಳಿಗೆ ಎಡೆ ಮಾಡಿಕೊಟ್ಟಿದೆ. ಅವುಗಳಲ್ಲಿ 2017ರಲ್ಲಿ ಸೇರಿದ ಒಂದು, ಕರ್ನಲಿನ ಆಯ್ದ ದತ್ತರಚನೆಗಳ ಒಳಗಿನ ಅಂಗಗಳನ್ನು ಭಾಷಾಂತರದ ವೇಳೆಯಲ್ಲಿ ಇಸ್ಪೀಟಿನ ಎಲೆಗಳಂತೆ ಕಲೆಸಿಬಿಡುತ್ತದೆ. ಯಾವ ಗುಟ್ಟು ಎಷ್ಟನೆಯ ಸ್ಥಾನದಲ್ಲಿದೆಯೆಂದು ಆಕ್ರಮಣಕಾರನಿಗೆ ಊಹಿಸುವುದು ಕಷ್ಟವಾಗುತ್ತದೆ.

ಈಗ ಹುಮನಾಬಾದಿನ ನಮ್ಮ ವಿದ್ಯಾರ್ಥಿನಿಯ ಕಡೆಗೆ ಬರೋಣ. ಅವಳ ಪ್ಲಗಿನ್ ‘ಎಕರೆ’, ‘ಗುಂಟೆ’ ಎಂಬ ಎರಡು ಹೊಸ ಗುರುತುಗಳನ್ನು ಕಂಪೈಲರಿಗೆ ಪರಿಚಯಿಸಬಹುದು. ಗಿಂಪಲ್ ರೂಪ ಸಿದ್ಧವಾದ ಮೇಲೆ ತನ್ನನ್ನು ಕರೆಯಬೇಕೆಂದು ಹೆಸರು ನೋಂದಾಯಿಸಬಹುದು. ಕರೆ ಬಂದಾಗ ಒಂದೊಂದೇ ಹೆಜ್ಜೆಯನ್ನು ನೋಡುತ್ತ ಹೋಗಬಹುದು. ಆದರೆ ಅದಕ್ಕೂ ಮೊದಲು ಒಂದು ವಿಧಿಯಿದೆ. ಪ್ಲಗಿನ್ನನ್ನು ಒಳಗೆ ಬಿಡುವ ಮುನ್ನ ಜಿ.ಸಿ.ಸಿ. ಅದರಲ್ಲಿ ‘ಪ್ಲಗಿನ್ ಈಸ್ ಜಿಪಿಎಲ್ ಕಂಪ್ಯಾಟಿಬಲ್’ ಎಂಬ ಹೆಸರಿನ ಒಂದು ಚರವನ್ನು ಹುಡುಕುತ್ತದೆ. ಆ ಚರದ ಬೆಲೆಯನ್ನು ಅದು ನೋಡುವುದಿಲ್ಲ, ಹೆಸರಿದ್ದರೆ ಸಾಕು. ಹೆಸರಿಲ್ಲದಿದ್ದರೆ, ಪರವಾನಗಿ ಹೊಂದುವುದಿಲ್ಲವೆಂದು ತಿಳಿಸಿ ಕೆಲಸವನ್ನೇ ನಿಲ್ಲಿಸುತ್ತದೆ. ಸುಳ್ಳಾಗಿ ಆ ಹೆಸರನ್ನು ಬರೆದರೆ ಯಂತ್ರಕ್ಕೆ ತಿಳಿಯದು, ನಿಜ. ಆದರೆ ಬರೆದವನು ತಿಳಿಯದೆ ಮಾಡಿದೆನೆಂದು ಮುಂದೆ ಹೇಳುವಂತಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಪ್ಲಗಿನ್ನಿಗೂ ಕಂಪೈಲರಿಗೂ ನಡುವಿನ ಜೋಡಣೆಯ ರೂಪ ಬದಲಾಗದೆ ಉಳಿಯುವುದೆಂದು ಜಿ.ಸಿ.ಸಿ. ಮಾತು ಕೊಟ್ಟಿಲ್ಲ. ಹೊಸ ಆವೃತ್ತಿ ಬಂದಾಗ ಪ್ಲಗಿನ್ನನ್ನು ಮತ್ತೆ ಕಟ್ಟಬೇಕು, ಕೆಲವೊಮ್ಮೆ ತಿದ್ದಲೂ ಬೇಕು. ಮೂಲಬರಹವನ್ನು ತೆರೆದಿಟ್ಟವನಿಗೆ ಇದು ಸ್ವಲ್ಪ ಶ್ರಮ. ಮುಚ್ಚಿಟ್ಟು ಮಾರುವವನಿಗೆ ಬಹಳ ಶ್ರಮ. ಇದೂ ಒಂದು ಬೇಲಿಯೇ ಎಂದು ಕೆಲವರು ಎಣಿಸುತ್ತಾರೆ. ಕಂಪೈಲರಿನ ಒಳರಚನೆಯನ್ನು ಸುಧಾರಿಸಲು ಅವಶ್ಯವಾದ ಸ್ವಾತಂತ್ರ್ಯವೆಂದು ಇತರರು. ಕಾಲೇಜಿನ ಗಣಕದಲ್ಲಿ ಇದನ್ನು ಪ್ರಯೋಗಿಸಬೇಕೆನ್ನುವವರು ಡೆಬಿಯನ್ ಅಥವಾ ಉಬುಂಟು ವ್ಯವಸ್ಥೆಯಲ್ಲಿ ತಮ್ಮ ಜಿ.ಸಿ.ಸಿ.ಯ ಆವೃತ್ತಿಗೆ ಸರಿಹೊಂದುವ ‘ಪ್ಲಗಿನ್ ಡೆವ್’ ಕಟ್ಟನ್ನು ಬೇರೆಯಾಗಿ ಅಳವಡಿಸಿಕೊಳ್ಳಬೇಕು. ಆವೃತ್ತಿಯ ಸಂಖ್ಯೆ ತಪ್ಪಿದರೆ ಪ್ಲಗಿನ್ ಕೆಲಸ ಮಾಡುವುದಿಲ್ಲ. ಜಿ.ಸಿ.ಸಿ.ಯ ಒಳರಚನೆಯ ಕೈಪಿಡಿಯಲ್ಲಿ ಪ್ಲಗಿನ್ನುಗಳಿಗೆಂದೇ ಒಂದು ಅಧ್ಯಾಯವಿದೆ. ಮೊದಲ ಓದಿಗೆ ಅದಕ್ಕಿಂತ ಮುಂಚೆ ಗಿಂಪಲ್ ಅಧ್ಯಾಯವನ್ನು ಓದುವುದು ಒಳ್ಳೆಯದು.